ಪೈಥಾನ್ ಪ್ರೋಗ್ರಾಂ ಕೈಕೊಟ್ಟಾಗ: ಲಕ್ಷಣ ಹಿಡಿದು ರನ್‌ಟೈಮ್ ಒಳಗೆ ನೋಡುವ ಕೈಪಿಡಿ

ಸಿದ್ದಾಪುರದ ಕಡೆ ಒಂದು ಕಾಫಿ ತೋಟದ ಆಫೀಸು ಅಂದುಕೊಳ್ಳಿ. ದಿನದ ಮಳೆಯನ್ನು ಇಂಚು-ಸೆಂಟಲ್ಲಿ ಬರೆಯಬೇಕು, ಆಳುಗಳ ಚೆಕ್‌ರೋಲ್ (ಹಾಜರಿ-ಕೂಲಿ ಪಟ್ಟಿ) ಇಡಬೇಕು, ಸ್ಟೋರಿಗೆ ಬಂದ ಚೆರಿ ಚೀಲಗಳ ತೂಕ ಕೂಡಬೇಕು. ಎಂಜಿನಿಯರಿಂಗ್ ಓದುವ ಮಗಳು ರಜೆಗೆ ಬಂದಾಗ ಇದಕ್ಕೆಲ್ಲ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದಾಳೆ. ಸ್ವಲ್ಪ ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಲೆಕ್ಕ ತಪ್ಪುತ್ತದೆ, ಇಲ್ಲವೇ ನಿಧಾನವಾಗುತ್ತದೆ, ಇಲ್ಲವೇ ಸುಮ್ನೆ ನಿಂತುಬಿಡುತ್ತದೆ. ಆಗ ಹೆಚ್ಚಿನವರು ಮಾಡುವುದು ಮೂರೇ ಕೆಲಸ: ರೀಸ್ಟಾರ್ಟ್, ರೀಇನ್‌ಸ್ಟಾಲ್, ಅದೂ ಆಗದಿದ್ದರೆ ಹೊಸ ಕಂಪ್ಯೂಟರ್.

ಇದರ ಅಗತ್ಯ ಬಹಳ ಸಲ ಇರುವುದಿಲ್ಲ. ಪೈಥಾನ್ ಒಳಗೆ ಬೇರೆ ಬೇರೆ ಭಾಗಗಳಿವೆ. ಕೋಡನ್ನು ಬೈಟ್‌ಕೋಡ್ (ಸಣ್ಣ ಸಣ್ಣ ಹೆಜ್ಜೆಗಳ ಪಟ್ಟಿ) ಮಾಡುವುದು ಒಂದು, ಅದನ್ನು ಒಂದೊಂದೇ ಹೆಜ್ಜೆಯಾಗಿ ಓಡಿಸುವುದು ಇನ್ನೊಂದು, ಮೆಮೊರಿ ನೋಡಿಕೊಳ್ಳುವುದು ಮತ್ತೊಂದು. ಯಾವ ಭಾಗದಲ್ಲಿ ತೊಂದರೆಯೋ ಅದಕ್ಕೆ ತಕ್ಕ ಲಕ್ಷಣ ಹೊರಗೆ ಕಾಣುತ್ತದೆ. ಲಕ್ಷಣ ಸರಿಯಾಗಿ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಜೊತೆಗೆ ರನ್‌ಟೈಮ್, ಅಂದರೆ ಪ್ರೋಗ್ರಾಂ ಓಡಿಸುವ ಈ ಒಳಭಾಗಗಳನ್ನು, ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಸುಮ್ಮನೆ ಓದಿದ್ದು ಮರೆತುಹೋಗುತ್ತದೆ. ಕೆಟ್ಟಿದ್ದನ್ನು ಹುಡುಕಿ ಕಲಿತದ್ದು ಮರೆಯುವುದಿಲ್ಲ.

ಇಲ್ಲಿ ಪೈಥಾನ್ ಅಂದರೆ ಸಿ ಭಾಷೆಯಲ್ಲಿ ಬರೆದ, ಎಲ್ಲರೂ ಬಳಸುವ ಸಿಪೈಥಾನ್. ಬೇರೆ ಹೇಳದಿದ್ದರೆ ಆವೃತ್ತಿ 3.12 ಎಂದು ತಿಳಿಯಿರಿ.

ಮುಟ್ಟುವ ಮುಂಚೆ

ಮೊದಲು ಡೇಟಾದ ಪ್ರತಿ ತೆಗೆದಿಡಿ, ಪರೀಕ್ಷೆಯೆಲ್ಲ ಆ ಪ್ರತಿಯ ಮೇಲೆಯೇ ನಡೆಯಲಿ. ಚೆಕ್‌ರೋಲ್ ಕೆಟ್ಟರೆ ಆಳುಗಳ ಕೂಲಿ ಕೆಡುತ್ತದೆ, ಅದರ ಮೇಲೆ ಪ್ರಯೋಗ ಬೇಡ. ಡೇಟಾ ಎಸ್‌ಕ್ಯೂಲೈಟ್‌ನಲ್ಲಿದ್ದರೆ (ಒಂದೇ ಫೈಲಿನಲ್ಲಿರುವ ಡೇಟಾಬೇಸ್) ಪ್ರೋಗ್ರಾಂ ಬರೆಯುತ್ತಿರುವಾಗಲೇ ಫೈಲನ್ನು ಕಾಪಿ ಮಾಡಬೇಡಿ, ಪ್ರತಿ ಅರೆಬರೆಯಾಗಿ ಹಾಳಾಗಬಹುದು. ಪ್ರೋಗ್ರಾಂ ನಿಲ್ಲಿಸಿ ಕಾಪಿ ಮಾಡಿ, ಅಥವಾ ಪೈಥಾನ್‌ನ ಎಸ್‌ಕ್ಯೂಲೈಟ್3 ಮಾಡ್ಯೂಲ್‌ನಲ್ಲೇ (ಮಾಡ್ಯೂಲ್ ಅಂದರೆ ಪ್ರೋಗ್ರಾಂಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಇರುವ ಬ್ಯಾಕಪ್ ಸೌಲಭ್ಯ ಬಳಸಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳುವುದಕ್ಕಾಗಲ್ಲ, ಹಾಗಾಗಿ ಯುಪಿಎಸ್ ಇಲ್ಲದ ಕಂಪ್ಯೂಟರ್‌ನಲ್ಲಿ ಉದ್ದದ ಪರೀಕ್ಷೆ ಶುರು ಮಾಡಬೇಡಿ. ಗುಡುಗು-ಸಿಡಿಲು ಇದ್ದರೆ ಪ್ಲಗ್ ತೆಗೆದು ನಾಳೆ ನೋಡಿ.

ಕೋಡ್ ಬದಲಾಯಿಸಿದರೂ ಹಳೇ ಉತ್ತರವೇ ಬರುತ್ತಿದೆ

ಇದಕ್ಕೆ ಖರ್ಚಿಲ್ಲದ ಪರೀಕ್ಷೆ ಒಂದಿದೆ. ಫೈಲಿನ ಮೊದಲ ಸಾಲಲ್ಲೇ ಏನಾದರೂ ಪ್ರಿಂಟ್ ಮಾಡಿಸಿ. ಅದು ತೆರೆಯ ಮೇಲೆ ಬರದಿದ್ದರೆ ನೀವು ತಿದ್ದುತ್ತಿರುವ ಫೈಲ್ ಬೇರೆ, ಓಡುತ್ತಿರುವ ಫೈಲ್ ಬೇರೆ. ಡೆಸ್ಕ್‌ಟಾಪ್‌ನಲ್ಲಿ ಒಂದು ಪ್ರತಿ, ಡೌನ್‌ಲೋಡ್ಸ್‌ನಲ್ಲಿ ಒಂದು ಪ್ರತಿ ಇರುವುದು ಎಲ್ಲ ಕಡೆ ಇದ್ದದ್ದೇ. ಸಿಸ್ ಮಾಡ್ಯೂಲ್‌ನ ಎಕ್ಸಿಕ್ಯುಟಬಲ್ ಪ್ರಿಂಟ್ ಮಾಡಿದರೆ ಯಾವ ಪೈಥಾನ್ ಓಡುತ್ತಿದೆ ಎನ್ನುವುದೂ ತಿಳಿಯುತ್ತದೆ. ಒಂದೇ ಕಂಪ್ಯೂಟರ್‌ನಲ್ಲಿ ಎರಡು ಪೈಥಾನ್ ಇದ್ದು, ಪ್ಯಾಕೇಜ್ ಒಂದರಲ್ಲಿ ಹಾಕಿ ಪ್ರೋಗ್ರಾಂ ಇನ್ನೊಂದರಲ್ಲಿ ಓಡಿಸುವುದು ಬಹಳ ಸಾಮಾನ್ಯ.

ಪ್ರಿಂಟ್ ಬರುತ್ತಿದೆ, ಆದರೆ ಇನ್ನೊಂದು ಮಾಡ್ಯೂಲ್‌ನಲ್ಲಿ ಮಾಡಿದ ಬದಲಾವಣೆ ಕಾಣುತ್ತಿಲ್ಲ ಅಂದರೆ ಕಾರಣ ಇಂಪೋರ್ಟ್, ಅಂದರೆ ಮಾಡ್ಯೂಲನ್ನು ಪ್ರೋಗ್ರಾಂ ಒಳಗೆ ತರುವ ಕ್ರಮ. ಒಂದು ಮಾಡ್ಯೂಲನ್ನು ಮೊದಲ ಸಲ ಇಂಪೋರ್ಟ್ ಮಾಡಿದಾಗ ಮಾತ್ರ ಪೈಥಾನ್ ಅದನ್ನು ಓಡಿಸುತ್ತದೆ. ಆಮೇಲೆ ಸಿಸ್.ಮಾಡ್ಯೂಲ್ಸ್ ಎಂಬ ಡಿಕ್ಷನರಿಯಲ್ಲಿ ಇಟ್ಟುಕೊಂಡು ಅದನ್ನೇ ಕೊಡುತ್ತಿರುತ್ತದೆ. ಜುಪಿಟರ್ ನೋಟ್‌ಬುಕ್ ಬಳಸುವವರಿಗೆ ಈ ತೊಂದರೆ ಜಾಸ್ತಿ. ಅದರ ಕರ್ನಲ್ (ನೋಟ್‌ಬುಕ್ ಹಿಂದೆ ಓಡುತ್ತಿರುವ ಪೈಥಾನ್) ರೀಸ್ಟಾರ್ಟ್ ಮಾಡಿ. ರೀಲೋಡ್ ಮಾಡುವ ದಾರಿಯೂ ಇದೆ, ಆದರೆ ಆಗಲೇ ಹುಟ್ಟಿದ ಆಬ್ಜೆಕ್ಟ್‌ಗಳು (ಮೆಮೊರಿಯಲ್ಲಿರುವ ಡೇಟಾ ತುಣುಕುಗಳು) ಹಳೇ ಕ್ಲಾಸನ್ನೇ ಹಿಡಿದುಕೊಂಡಿರುತ್ತವೆ. ಅದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ.

__ಪೈಕ್ಯಾಶ್__ ಫೋಲ್ಡರ್ ಅಳಿಸಿ ಎಂದು ಸಲಹೆ ಕೊಡುವವರು ಬಹಳ. ಅಳಿಸಿದರೆ ನಷ್ಟವೇನಿಲ್ಲ. ಅಲ್ಲಿ ಇರುವುದು ಇಂಪೋರ್ಟ್ ಆದ ಮಾಡ್ಯೂಲ್‌ಗಳ ಬೈಟ್‌ಕೋಡ್ ಮಾತ್ರ, ಬೇಕಾದಾಗ ಮತ್ತೆ ತಯಾರಾಗುತ್ತದೆ. ಆದರೆ ಮೂಲ ಫೈಲಿನ ಸಮಯ ಮತ್ತು ಗಾತ್ರ ಎರಡನ್ನೂ ಪೈಥಾನ್ ತಾಳೆ ನೋಡುತ್ತದೆ. ಹಾಗಾಗಿ ಹಳೇ ಬೈಟ್‌ಕೋಡ್ ನಿಜವಾದ ಕಾರಣ ಆಗುವುದು ತೀರಾ ಅಪರೂಪ.

ಇದೇ ಗುಂಪಿನ ಇನ್ನೊಂದು ಲಕ್ಷಣ: ಪೈಥಾನ್ ಜೊತೆಗೇ ಬರುವ ಮಾಡ್ಯೂಲ್‌ನಲ್ಲಿ ಇರಲೇಬೇಕಾದ ಫಂಕ್ಷನ್ ಇಲ್ಲ ಎನ್ನುವ ಎರರ್. ಮಳೆ ಲೆಕ್ಕದ ಫೈಲಿಗೆ ನೀವೇ ಸ್ಟ್ಯಾಟಿಸ್ಟಿಕ್ಸ್ ಎಂದು ಹೆಸರಿಟ್ಟಿದ್ದೀರಾ ನೋಡಿ. ಪೈಥಾನ್ ಮೊದಲು ಹುಡುಕುವುದು ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲಿ. ಅಲ್ಲಿ ನಿಮ್ಮ ಫೈಲ್ ಸಿಕ್ಕಿದರೆ ಅಸಲಿ ಮಾಡ್ಯೂಲ್ ತನಕ ಹೋಗುವುದೇ ಇಲ್ಲ. ಮಾಡ್ಯೂಲ್‌ನ __ಫೈಲ್__ ಪ್ರಿಂಟ್ ಮಾಡಿದರೆ ಗುಟ್ಟು ರಟ್ಟಾಗುತ್ತದೆ. ಫೈಲಿನ ಹೆಸರು ಬದಲಾಯಿಸಿದರೆ ಆಯಿತು.

ಎರರ್ ಇಲ್ಲ, ಆದರೆ ಲೆಕ್ಕ ತಪ್ಪು

ಎಲ್ಲಕ್ಕಿಂತ ಅಪಾಯದ ಲಕ್ಷಣ ಇದೇ. ಪ್ರೋಗ್ರಾಂ ಬಿದ್ದರೆ ಗೊತ್ತಾಗುತ್ತದೆ, ತಪ್ಪು ಲೆಕ್ಕ ಗೊತ್ತಾಗುವುದಿಲ್ಲ.

ಸ್ಟೋರಿನ ರೈಟರ್ ಬಂದು "ಮೇಡಂ, 257ನೇ ಚೀಲ ಸ್ಟೋರಲ್ಲಿದೆ, ಕಂಪ್ಯೂಟರಲ್ಲಿ ಸಿಗ್ತಾ ಇಲ್ಲ" ಎಂದರು ಅಂದುಕೊಳ್ಳಿ. 1ರಿಂದ 256ರವರೆಗೆ ಎಲ್ಲ ಸರಿ, ಅಲ್ಲಿಂದ ಮುಂದೆ ಒಂದೂ ಇಲ್ಲ. ಈ ಸಂಖ್ಯೆ ಕಿವಿಗೆ ಬಿದ್ದ ತಕ್ಷಣ ಕೋಡ್‌ನಲ್ಲಿ == ಇರಬೇಕಾದ ಕಡೆ ಇಸ್ (is) ಇದೆಯಾ ಹುಡುಕಿ. == ಕೇಳುವುದು ಬೆಲೆ ಒಂದೇನಾ ಎಂದು. ಇಸ್ ಕೇಳುವುದು ಮೆಮೊರಿಯಲ್ಲಿ ಎರಡೂ ಒಂದೇ ಆಬ್ಜೆಕ್ಟಾ ಎಂದು. ಪೈಥಾನ್ ಶುರುವಾಗುವಾಗಲೇ -5ರಿಂದ 256ರವರೆಗಿನ ಪೂರ್ಣಾಂಕಗಳನ್ನು ಒಮ್ಮೆ ಮಾಡಿಟ್ಟುಕೊಳ್ಳುತ್ತದೆ. ಬೇಕಾದಾಗಲೆಲ್ಲ ಅವನ್ನೇ ಕೊಡುತ್ತದೆ. ಆದ್ದರಿಂದ ಅಲ್ಲಿಯವರೆಗೆ ಇಸ್ ಕೂಡ ಸರಿ ಎನ್ನುತ್ತದೆ. ಫೈಲಿನಿಂದ ಓದಿದ 257 ಒಂದು ಆಬ್ಜೆಕ್ಟ್, ಕೀಬೋರ್ಡ್‌ನಿಂದ ಬಂದ 257 ಬೇರೆ ಆಬ್ಜೆಕ್ಟ್. ಬೆಲೆ ಒಂದೇ ಆದರೂ ಇಸ್ ಇಲ್ಲ ಎನ್ನುತ್ತದೆ. ಕೋಡ್‌ನಲ್ಲಿ ನೇರವಾಗಿ ಒಂದು ಸಂಖ್ಯೆ ಬರೆದು ಇಸ್ ಹಾಕಿದರೆ 3.8ರಿಂದ ಈಚೆಗೆ ಪೈಥಾನ್ ಎಚ್ಚರಿಕೆ ಕೊಡುತ್ತದೆ. ಎರಡು ವೇರಿಯಬಲ್‌ಗಳ ನಡುವೆ ಹಾಕಿದರೆ ಕೊಡುವುದಿಲ್ಲ. ಇಸ್ ಬಳಸಬೇಕಾದದ್ದು ಮುಖ್ಯವಾಗಿ ನನ್ (None) ಎಂಬ ಖಾಲಿ ಬೆಲೆಯನ್ನು ಪರೀಕ್ಷಿಸುವಾಗ.

ಇನ್ನೊಂದು ಲಕ್ಷಣ: ಮೊದಲ ತೋಟದ ಮಳೆ ಎರಡನೇ ತೋಟದ ಪಟ್ಟಿಯಲ್ಲೂ ಸೇರಿಕೊಂಡಿದೆ. ಫಂಕ್ಷನ್ ಶುರುವಾಗುವ ಡೆಫ್ (def) ಸಾಲು ನೋಡಿ. ಅಲ್ಲಿ ಡೀಫಾಲ್ಟ್ ಆಗಿ ಖಾಲಿ ಲಿಸ್ಟ್ ಕೊಟ್ಟಿದ್ದರೆ ಅಪರಾಧಿ ಅದೇ. ಡೆಫ್ ಸಾಲು ಓಡುವುದು ಒಂದೇ ಸಲ, ಆಗಲೇ ಆ ಲಿಸ್ಟ್ ಹುಟ್ಟುತ್ತದೆ. ಆಮೇಲೆ ಫಂಕ್ಷನ್ ಕರೆದಾಗಲೆಲ್ಲ ಅದೇ ಲಿಸ್ಟ್ ಕೈಗೆ ಬರುತ್ತದೆ, ಹಿಂದಿನ ಸಲ ಹಾಕಿದ್ದೆಲ್ಲ ಅದರಲ್ಲೇ ಇರುತ್ತದೆ. ಡೀಫಾಲ್ಟ್ ನನ್ ಇಟ್ಟು, ಫಂಕ್ಷನ್ ಒಳಗೆ ಹೊಸ ಲಿಸ್ಟ್ ಮಾಡಿಕೊಳ್ಳಿ.

ಮೂರನೆಯದು ಮಳೆ ಬರೆಯುವವರಿಗೆ ಖಂಡಿತ ಎದುರಾಗುತ್ತದೆ. 10 ಸೆಂಟ್ ಮಳೆಯನ್ನು 0.1 ಇಂಚು ಎಂದು ಬರೆದು ಲೂಪ್‌ನಲ್ಲಿ ಹತ್ತು ಸಲ ಕೂಡಿದರೆ 1 ಬರುವುದಿಲ್ಲ, 0.9999999999999999 ಬರುತ್ತದೆ. 0.1ನ್ನು ಎರಡರ ಪದ್ಧತಿಯಲ್ಲಿ ಪೂರ್ತಿ ಬರೆಯಲು ಆಗುವುದಿಲ್ಲ. ಅದಕ್ಕೇ ಹೀಗೆ. ಇದು ಪೈಥಾನ್ ಒಂದರ ತಪ್ಪಲ್ಲ. ಅದೇ ಹತ್ತು ಸಂಖ್ಯೆಗಳನ್ನು ಸಮ್ ಫಂಕ್ಷನ್‌ಗೆ ಕೊಟ್ಟರೆ 3.11ರಲ್ಲಿ ಆ ಕೊರತೆಯ ಸಂಖ್ಯೆಯೇ ಬರುತ್ತದೆ, 3.12ರಲ್ಲಿ ಸರಿಯಾಗಿ 1.0 ಬರುತ್ತದೆ. ಸಮ್ ಒಳಗಿನ ಕೂಡುವ ವಿಧಾನವನ್ನೇ 3.12ರಲ್ಲಿ ಸುಧಾರಿಸಿದ್ದಾರೆ. ಹಾಗಾಗಿ ಮನೆಯ ಲ್ಯಾಪ್‌ಟಾಪ್‌ಗೂ ಆಫೀಸಿನ ಕಂಪ್ಯೂಟರ್‌ಗೂ ಒಂದೇ ಡೇಟಾಕ್ಕೆ ಚೂರು ವ್ಯತ್ಯಾಸ ಕಂಡರೆ ಮೊದಲು ಎರಡರ ಆವೃತ್ತಿ ನೋಡಿ. ಪರಿಹಾರ ನಮ್ಮ ತೋಟಗಳಲ್ಲೇ ಇದೆ. ಇಂಚಿಗೆ 100 ಸೆಂಟ್. ಸೆಂಟನ್ನೇ ಪೂರ್ಣಾಂಕವಾಗಿ ಇಟ್ಟುಕೊಂಡು ತೋರಿಸುವಾಗ ಮಾತ್ರ ಇಂಚು ಮಾಡಿ. ಕೂಲಿಯನ್ನೂ ಹಾಗೇ ಪೈಸೆಯಲ್ಲಿ ಇಡಿ.

ನಿಧಾನವಾಗಿದೆ

ಟಾಸ್ಕ್ ಮ್ಯಾನೇಜರ್ ಅಥವಾ ಲಿನಕ್ಸ್‌ನ ಟಾಪ್ ತೆರೆದು ಸಿಪಿಯು ನೋಡಿ. ಬಹುತೇಕ ಸೊನ್ನೆ ಇದ್ದರೆ ಪ್ರೋಗ್ರಾಂ ಕಾಯುತ್ತಿದೆ, ಕೆಲಸ ಮಾಡುತ್ತಿಲ್ಲ. ಡಿಸ್ಕ್ ಇರಬಹುದು, ಹೆಚ್ಚಾಗಿ ನೆಟ್‌ವರ್ಕ್. ಜೋರು ಮಳೆಯ ದಿನ ಮಾತ್ರ ನಿಧಾನ ಅಂದರೆ ಕೋಡ್ ಮುಟ್ಟುವ ಮುಂಚೆ ಇಂಟರ್ನೆಟ್ ನೋಡಿ. ನೆಟ್‌ವರ್ಕ್ ಕರೆಗಳಿಗೆಲ್ಲ ಟೈಮ್‌ಔಟ್ ಹಾಕಿ.

ಒಂದು ಕೋರ್ ಪೂರ್ತಿ ಬಿಸಿಯಾಗಿ ಓಡುತ್ತಿದ್ದರೆ ಆಗ ಕೋಡ್ ಕಡೆ ತಿರುಗಿ. ನಾನು ಮೊದಲು ಹುಡುಕುವುದು ಲೂಪ್ ಒಳಗೆ ಲಿಸ್ಟ್‌ನಲ್ಲಿ ಇದೆಯಾ ಎಂದು ಕೇಳುವ ಸಾಲನ್ನು. ಲಿಸ್ಟ್ ಆದರೆ ಪೈಥಾನ್ ತಲೆಯಿಂದ ಬಾಲದವರೆಗೆ ಒಂದೊಂದನ್ನೇ ಹೋಲಿಸುತ್ತದೆ. 10,000 ಚೀಲದ ನಂಬರ್‌ಗಳನ್ನು ಇನ್ನೊಂದು 10,000ರ ಲಿಸ್ಟ್‌ನಲ್ಲಿ ಹುಡುಕಿ ಒಂದೂ ಸಿಗದಿದ್ದರೆ 10 ಕೋಟಿ ಹೋಲಿಕೆ ಆಗುತ್ತದೆ. ಅದೇ ಸೆಟ್ ಆದರೆ ಬೆಲೆಯಿಂದ ಹ್ಯಾಶ್ ಎಂಬ ಗುರುತು ಸಂಖ್ಯೆ ಲೆಕ್ಕ ಹಾಕಿ ಹೆಚ್ಚುಕಡಿಮೆ ನೇರವಾಗಿ ಜಾಗಕ್ಕೇ ಹೋಗುತ್ತದೆ. ಬದಲಾಯಿಸಬೇಕಾದದ್ದು ಒಂದೇ ಸಾಲು. ಲಿಸ್ಟ್‌ನ ಮುಂದಿನಿಂದ ಒಂದೊಂದೇ ತೆಗೆಯುವುದೂ ಹೀಗೇ ದುಬಾರಿ, ಪ್ರತಿ ಸಲ ಉಳಿದದ್ದೆಲ್ಲ ಒಂದು ಜಾಗ ಸರಿಯಬೇಕು. ಅದಕ್ಕೆ ಎರಡೂ ತುದಿಯಿಂದ ಸುಲಭವಾಗಿ ತೆಗೆಯಬಹುದಾದ ಡೆಕ್ (deque) ಬಳಸಿ.

ಇನ್ನೂ ಗೊತ್ತಾಗದಿದ್ದರೆ ಊಹೆ ಬಿಟ್ಟು ಪೈಥಾನ್ ಜೊತೆಗೇ ಬರುವ ಸಿಪ್ರೊಫೈಲ್ ಓಡಿಸಿ. ಯಾವ ಫಂಕ್ಷನ್ ಎಷ್ಟು ಸಲ ಓಡಿತು, ಎಷ್ಟು ಹೊತ್ತು ತಿಂದಿತು ಎಂದು ಪಟ್ಟಿ ಕೊಡುತ್ತದೆ. ಪಟ್ಟಿಯ ಮೊದಲ ಎರಡು ಮೂರು ಸಾಲು ಸಾಕು.

ಇಲ್ಲಿಂದ ಮುಂದೆ ಹೋಗುವವರು ಬೈಟ್‌ಕೋಡ್ ಬಿಡಿಸಿ ತೋರಿಸುವ ಡಿಸ್ ಮಾಡ್ಯೂಲ್ ಒಮ್ಮೆ ತೆರೆದು ನೋಡಲೇಬೇಕು. ಎರಡು ತೂಕ ಕೂಡಿ ಹಿಂದಿರುಗಿಸುವ ಒಂದು ಸಾಲಿನ ಫಂಕ್ಷನ್ ಬರೆದು ಡಿಸ್‌ಗೆ ಕೊಡಿ. ಮುಖ್ಯವಾಗಿ ನಾಲ್ಕು ಹೆಜ್ಜೆ ಕಾಣುತ್ತವೆ: ಲೋಡ್_ಫಾಸ್ಟ್, ಮತ್ತೆ ಲೋಡ್_ಫಾಸ್ಟ್, ಬೈನರಿ_ಆಪ್, ರಿಟರ್ನ್_ವ್ಯಾಲ್ಯೂ. ಮೊದಲ ತೂಕವನ್ನು ಸ್ಟ್ಯಾಕ್ (ಒಂದರ ಮೇಲೊಂದು ಇಡುವ ಅಟ್ಟಿ) ಮೇಲಿಡು, ಎರಡನೆಯದನ್ನೂ ಇಡು, ಎರಡನ್ನೂ ತೆಗೆದು ಕೂಡಿ ಫಲ ಇಡು, ಅದನ್ನು ಕೊಡು. ಪೈಥಾನ್ ಪ್ರೋಗ್ರಾಂ ಓಡುವುದೆಂದರೆ ಇಷ್ಟೇ. ಇಂಥ ಹೆಜ್ಜೆಗಳನ್ನು ಒಂದಾದ ಮೇಲೊಂದು ಓದಿ ಮಾಡುವ, ಸಿ ಭಾಷೆಯಲ್ಲಿ ಬರೆದ ಒಂದು ದೊಡ್ಡ ಲೂಪ್. ಬೈನರಿ_ಆಪ್ ಪ್ರತಿ ಸಲ ಇವು ಯಾವ ಜಾತಿಯ ಆಬ್ಜೆಕ್ಟ್, ಕೂಡುವುದು ಹೇಗೆ ಎಂದು ವಿಚಾರಿಸಬೇಕು. ನಿಧಾನದ ಒಂದು ದೊಡ್ಡ ಪಾಲು ಆ ವಿಚಾರಣೆಯಲ್ಲೇ ಇದೆ.

3.11ರಿಂದ ಈ ಲೂಪ್ ತಾನೇ ಕಲಿಯುತ್ತದೆ. ಒಂದು ಜಾಗದಲ್ಲಿ ಪದೇ ಪದೇ ಪೂರ್ಣಾಂಕಗಳೇ ಬರುತ್ತಿದ್ದರೆ ಆ ಹೆಜ್ಜೆಯನ್ನು ಪೂರ್ಣಾಂಕಕ್ಕೆಂದೇ ಇರುವ ವೇಗದ ಹೆಜ್ಜೆಯಾಗಿ ಬದಲಾಯಿಸಿಕೊಳ್ಳುತ್ತದೆ. ಡಿಸ್‌ಗೆ ಅಡಾಪ್ಟಿವ್ ಆಯ್ಕೆ ಕೊಟ್ಟರೆ ಬದಲಾದ ಹೆಸರನ್ನೇ ನೋಡಬಹುದು. ಒಂದು ಸಲ ಪೂರ್ಣಾಂಕ, ಒಂದು ಸಲ ದಶಮಾಂಶ ಕಳಿಸಿದರೆ ಆ ವೇಗದ ಹೆಜ್ಜೆ ಪ್ರಯೋಜನಕ್ಕೆ ಬರುವುದಿಲ್ಲ. ತೂಕದ ಕಾಲಂನಲ್ಲಿ ಎಲ್ಲವೂ ಒಂದೇ ಜಾತಿ ಇರಲಿ ಎನ್ನುವುದಕ್ಕೆ ಇದೂ ಒಂದು ಕಾರಣ. ಲಕ್ಷಾಂತರ ಸಂಖ್ಯೆಗಳ ಲೆಕ್ಕವಾದರೆ ನಂಪೈ ಎಂಬ ಪ್ಯಾಕೇಜ್ ಬಳಸಿ. ಆಗ ಪ್ರತಿ ಸಂಖ್ಯೆಗೂ ಈ ಲೂಪ್ ಸುತ್ತಬೇಕಾಗಿಲ್ಲ.

ಮೆಮೊರಿ ಏರುತ್ತಲೇ ಇದೆ

ಮೊದಲು ಸ್ವಲ್ಪ ಹೊತ್ತು ನೋಡಿ. ಏರಿ ಒಂದು ಮಟ್ಟದಲ್ಲಿ ನಿಂತರೆ ಅದು ಸೋರಿಕೆ ಅಲ್ಲ. 512 ಬೈಟ್‌ವರೆಗಿನ ಸಣ್ಣ ಆಬ್ಜೆಕ್ಟ್‌ಗಳಿಗೆ ಪೈಥಾನ್ ಆಪರೇಟಿಂಗ್ ಸಿಸ್ಟಮ್‌ನಿಂದ ದೊಡ್ಡ ತುಂಡುಗಳನ್ನು ಪಡೆದು ಒಳಗೇ ಹಂಚುತ್ತದೆ. ಕೆಲಸ ಮುಗಿದ ಮೇಲೂ ಎಲ್ಲವನ್ನೂ ವಾಪಸ್ ಕೊಡುವುದಿಲ್ಲ. ಕೊಯ್ಲಿನ ಮಧ್ಯೆ ಖಾಲಿಯಾದ ಗೋಣಿಚೀಲಗಳನ್ನು ನಾಳೆಗೆ ಬೇಕೆಂದು ಸ್ಟೋರಲ್ಲೇ ಇಟ್ಟುಕೊಳ್ಳುವ ಹಾಗೆ. ಒಂದು ತುಂಡಿನಲ್ಲಿ ಒಂದೇ ಆಬ್ಜೆಕ್ಟ್ ಜೀವಂತ ಇದ್ದರೂ ಇಡೀ ತುಂಡು ಉಳಿಯುತ್ತದೆ.

ನಿಲ್ಲದೆ ಏರುತ್ತಿದ್ದರೆ ಕೋಡ್ ಓದಿ. ಇಡೀ ಫೈಲನ್ನು ಒಂದೇ ಸಲ ಲಿಸ್ಟ್‌ಗೆ ತುಂಬುತ್ತಿದ್ದೀರಾ? 10 ಲಕ್ಷ ದಶಮಾಂಶ ಸಂಖ್ಯೆಗಳ ಲಿಸ್ಟ್ 64 ಬಿಟ್ ಪೈಥಾನ್‌ನಲ್ಲಿ ಸುಮಾರು 32 ಎಂಬಿ ಹಿಡಿಯುತ್ತದೆ, ಸಂಖ್ಯೆಗೆ 24 ಬೈಟ್, ಅದನ್ನು ತೋರಿಸುವ ವಿಳಾಸಕ್ಕೆ 8 ಬೈಟ್. ಅರೇ ಮಾಡ್ಯೂಲ್‌ನಲ್ಲಿ ಇಟ್ಟರೆ 8 ಎಂಬಿ ಸಾಕು. ಸಾಲು ಸಾಲಾಗಿ ಓದಿದರೆ ಅದೂ ಬೇಡ. ಗ್ಲೋಬಲ್ ಲಿಸ್ಟ್‌ಗೆ ಹಾಕುತ್ತಾ ಹೋಗಿ ತೆಗೆಯದೇ ಇರುವುದು, ಮಿತಿಯಿಲ್ಲದ ಕ್ಯಾಶ್ (ಮತ್ತೆ ಬೇಕೆಂದು ಉಳಿಸಿಟ್ಟ ಉತ್ತರಗಳು) ಇಡುವುದು, ಇವೆರಡೂ ಪದೇ ಪದೇ ಸಿಗುವ ಕಾರಣಗಳು.

ಯಾಕೆ ಬಿಡುಗಡೆಯಾಗುವುದಿಲ್ಲ? ಪ್ರತಿ ಆಬ್ಜೆಕ್ಟ್ ತನ್ನನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂಬ ಎಣಿಕೆ ಇಟ್ಟುಕೊಂಡಿರುತ್ತದೆ. ಎಣಿಕೆ ಸೊನ್ನೆಯಾದ ಕ್ಷಣವೇ ಅದು ಹೋಗುತ್ತದೆ. ಸಿಸ್‌ನ ಗೆಟ್‌ರೆಫ್‌ಕೌಂಟ್ ಆ ಎಣಿಕೆ ತೋರಿಸುತ್ತದೆ. ಆ ಫಂಕ್ಷನ್‌ಗೆ ಕಳಿಸಿದಾಗ ಅದೂ ಒಂದು ಹಿಡಿತ, ಹಾಗಾಗಿ ಸಾಮಾನ್ಯವಾಗಿ ನೀವು ಎಣಿಸಿದ್ದಕ್ಕಿಂತ ಒಂದು ಜಾಸ್ತಿ ಕಾಣುತ್ತದೆ. ತೋಟದ ಆಬ್ಜೆಕ್ಟ್ ಬ್ಲಾಕ್‌ಗಳನ್ನೂ, ಬ್ಲಾಕ್ ತನ್ನ ತೋಟವನ್ನೂ ಹಿಡಿದುಕೊಂಡರೆ ಎಣಿಕೆ ಯಾವತ್ತೂ ಸೊನ್ನೆಗೆ ಇಳಿಯುವುದಿಲ್ಲ. ಇಂಥ ಸುತ್ತುಗಳನ್ನು ಹುಡುಕಿ ತೆಗೆಯುವುದು ಜಿಸಿ (ಗಾರ್ಬೇಜ್ ಕಲೆಕ್ಟರ್, ಕಸ ಗುಡಿಸುವ ಭಾಗ) ಕೆಲಸ. ಜಿಸಿಯನ್ನು ಕೈಯಾರೆ ಓಡಿಸಿ ನೋಡಿ. ದೊಡ್ಡ ಸಂಖ್ಯೆ ಹಿಂದಿರುಗಿ ಮೆಮೊರಿ ಇಳಿದರೆ ತೊಂದರೆ ಸುತ್ತುಗಳದ್ದು. ಇಳಿಯದಿದ್ದರೆ ಎಲ್ಲೋ ನಿಜವಾದ ಹಿಡಿತ ಇದೆ. ವೇಗ ಸಿಗಲಿ ಎಂದು ಯಾರಾದರೂ ಜಿಸಿ ಆಫ್ ಮಾಡಿದ್ದಾರಾ ಎಂದೂ ನೋಡಿ.

ಕೊನೆಯ ಆಯುಧ ಟ್ರೇಸ್‌ಮಾಲಕ್ ಮಾಡ್ಯೂಲ್. ಶುರುವಿನಲ್ಲಿ ಒಂದು ಸ್ನ್ಯಾಪ್‌ಶಾಟ್, ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ತೆಗೆದು ಹೋಲಿಸಿದರೆ ಯಾವ ಫೈಲಿನ ಯಾವ ಸಾಲಿನಲ್ಲಿ ಮೆಮೊರಿ ಬೆಳೆಯಿತು ಎಂದು ಹೇಳುತ್ತದೆ. ಅದು ಓಡುವಾಗ ಪ್ರೋಗ್ರಾಂ ನಿಧಾನವಾಗುತ್ತದೆ, ಪರೀಕ್ಷೆ ಮುಗಿದ ಮೇಲೆ ತೆಗೆಯಿರಿ.

ನಾಲ್ಕು ಥ್ರೆಡ್ ಹಾಕಿದರೂ ವೇಗ ಅಷ್ಟೇ

ಥ್ರೆಡ್ ಅಂದರೆ ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಸಾಗುವ ಕೆಲಸದ ಎಳೆ. ನಾಲ್ಕೂ ಸೇರಿ ಒಂದೇ ಕೋರ್‌ನಷ್ಟು ಸಿಪಿಯು ಬಳಸುತ್ತಿದ್ದರೆ ಕಾರಣ ಜಿಐಎಲ್ (ಗ್ಲೋಬಲ್ ಇಂಟರ್‌ಪ್ರಿಟರ್ ಲಾಕ್). ಒಂದು ಹೊತ್ತಿಗೆ ಒಂದೇ ಥ್ರೆಡ್ ಬೈಟ್‌ಕೋಡ್ ಓಡಿಸಬಹುದು ಎನ್ನುವ ಬೀಗ ಅದು. ಇನ್ನೊಂದು ಥ್ರೆಡ್ ಕಾಯುತ್ತಿದ್ದರೆ ಸುಮಾರು 5 ಮಿಲಿಸೆಕೆಂಡಿಗೊಮ್ಮೆ ಬೀಗ ಕೈ ಬದಲಾಯಿಸುತ್ತದೆ. ನೆಟ್‌ವರ್ಕ್ ಕಾಯುವಾಗ ಥ್ರೆಡ್ ಬೀಗ ಬಿಡುತ್ತದೆ, ಅಲ್ಲಿ ಥ್ರೆಡ್‌ನಿಂದ ಲಾಭ ಇದೆ. ಲೆಕ್ಕದ ಕೆಲಸಕ್ಕೆ ಮಲ್ಟಿಪ್ರೊಸೆಸಿಂಗ್ (ಕೆಲಸವನ್ನು ಬೇರೆ ಬೇರೆ ಪೈಥಾನ್ ಪ್ರೊಸೆಸ್‌ಗಳಿಗೆ ಹಂಚುವುದು) ಬಳಸಿ. ವಿಂಡೋಸ್‌ನಲ್ಲಿ ಮುಖ್ಯ ಭಾಗವನ್ನು __ಮೈನ್__ ಪರೀಕ್ಷೆಯ (if __name__ == '__main__') ಒಳಗೆ ಇಡಲೇಬೇಕು. ಜಿಐಎಲ್ ಇಲ್ಲದ ಬೇರೆ ಬಿಲ್ಡ್ 2024ರ ಅಕ್ಟೋಬರ್‌ನಲ್ಲಿ 3.13ರ ಜೊತೆ ಪ್ರಯೋಗವಾಗಿ ಬಂತು. ಆಫೀಸಿನ ಲೆಕ್ಕಕ್ಕೆ ಅದನ್ನು ಹಾಕಲು ಅವಸರ ಬೇಡ, ನೀವು ಬಳಸುವ ಪ್ಯಾಕೇಜ್‌ಗಳೆಲ್ಲ ಅದಕ್ಕೆ ಸಿದ್ಧ ಇರಬೇಕು.

ಜಿಐಎಲ್ ಇದೆ, ಹಾಗಾಗಿ ಲಾಕ್ ಬೇಡ ಎಂದು ಮಾತ್ರ ತಿಳಿಯಬೇಡಿ. ಮೊತ್ತಕ್ಕೆ ಒಂದು ಕೂಡುವುದೂ ಓದು, ಕೂಡು, ಬರೆ ಎಂಬ ಹಲವು ಹೆಜ್ಜೆ. ನಡುವೆ ಥ್ರೆಡ್ ಬದಲಾದರೆ ಒಂದು ಚೀಲ ಲೆಕ್ಕದಿಂದ ಹೋಗುತ್ತದೆ. ಹೊಸ ಆವೃತ್ತಿಗಳಲ್ಲಿ ಇದು ಸುಲಭಕ್ಕೆ ಕಾಣುವುದಿಲ್ಲ. ಅದಕ್ಕೇ ಇನ್ನೂ ಅಪಾಯ.

ಅಲುಗಾಡದೆ ನಿಂತಿದೆ

ಕಂಟ್ರೋಲ್-ಸಿ ಒತ್ತಿ. ನಿಂತು ಟ್ರೇಸ್‌ಬ್ಯಾಕ್ (ಯಾವ ಯಾವ ಸಾಲು ದಾಟಿ ಅಲ್ಲಿಗೆ ಬಂತು ಎಂಬ ಪಟ್ಟಿ) ಬಂದರೆ ಅದರ ಕೊನೆಯ ಸಾಲುಗಳೇ ಉತ್ತರ. ಒತ್ತಿದರೂ ಏನೂ ಆಗದಿದ್ದರೆ ಅದೂ ಒಂದು ಸುಳಿವು. ಪೈಥಾನ್ ಆ ಸಂಕೇತವನ್ನು ಮುಖ್ಯ ಥ್ರೆಡ್‌ನಲ್ಲಿ, ಬೈಟ್‌ಕೋಡ್ ಹೆಜ್ಜೆಗಳ ನಡುವೆ ಮಾತ್ರ ಗಮನಿಸುತ್ತದೆ. ಅಂದರೆ ಹೆಚ್ಚಾಗಿ ಪ್ರೋಗ್ರಾಂ ಯಾವುದೋ ಸಿ ಲೈಬ್ರರಿಯ ಒಳಗೆ ಸಿಕ್ಕಿಕೊಂಡಿರುತ್ತದೆ. ಪೈಥಾನ್ ಜೊತೆಗೇ ಬರುವ ಫಾಲ್ಟ್‌ಹ್ಯಾಂಡ್ಲರ್ ಮಾಡ್ಯೂಲ್‌ಗೆ ಹೇಳಿಟ್ಟರೆ ಇಷ್ಟು ಸೆಕೆಂಡ್ ಆದ ಮೇಲೆ ಎಲ್ಲ ಥ್ರೆಡ್‌ಗಳೂ ಎಲ್ಲಿವೆ ಎಂದು ಬರೆಯುತ್ತದೆ. ಆಗಲೇ ನಿಂತುಹೋಗಿರುವ ಪ್ರೋಗ್ರಾಂ ನೋಡಲು ಪೈ-ಸ್ಪೈ ಎಂಬ ಹೊರಗಿನ ಸಾಧನ ಇದೆ. ಎರಡು ಥ್ರೆಡ್‌ಗಳು ಒಂದಕ್ಕೊಂದು ಲಾಕ್ ಕಾಯುತ್ತಿದ್ದರೆ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಎರರ್ ಸಂದೇಶವೂ ಇಲ್ಲದೆ ಬಿದ್ದುಹೋಯಿತು

ಲಿನಕ್ಸ್‌ನಲ್ಲಿ ಎಕ್ಸಿಟ್ ಕೋಡ್ ನೋಡಿ. 137 ಆದರೆ ಹೊರಗಿನಿಂದ ಕೊಂದಿದ್ದಾರೆ, ಹೆಚ್ಚಾಗಿ ಮೆಮೊರಿ ಮುಗಿದು ಲಿನಕ್ಸ್‌ನ ಕರ್ನಲ್ಲೇ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೊಂದಿರುತ್ತದೆ. ಮೆಮೊರಿ ಭಾಗಕ್ಕೆ ವಾಪಸ್ ಹೋಗಿ. 139 ಆದರೆ ಸೆಗ್‌ಫಾಲ್ಟ್, ತನ್ನದಲ್ಲದ ಮೆಮೊರಿ ಮುಟ್ಟಿದೆ. ಬರೀ ಪೈಥಾನ್ ಕೋಡ್ ಹೀಗೆ ಬೀಳುವುದು ಬಹಳ ಅಪರೂಪ. ಅನುಮಾನ ಸಿಯಲ್ಲಿ ಬರೆದ ಪ್ಯಾಕೇಜ್ ಮೇಲೆ ಇರಲಿ. ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ಯಾಕೇಜ್‌ಗಳಿಗೆ ಪ್ರತ್ಯೇಕ ಜಾಗ) ಮಾಡಿ ಪ್ಯಾಕೇಜ್‌ಗಳನ್ನು ಮೊದಲಿನಿಂದ ಹಾಕಿ ನೋಡಿ. ಫಾಲ್ಟ್‌ಹ್ಯಾಂಡ್ಲರ್ ಆನ್ ಮಾಡಿ ಓಡಿಸಿದರೆ ಬೀಳುವಾಗ ಯಾವ ಸಾಲಿನಲ್ಲಿತ್ತು ಎಂದು ಬರೆದು ಬೀಳುತ್ತದೆ.

ರಿಕರ್ಶನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಮಿತಿ ಮೀರಿತು ಎಂಬ ಎರರ್ ಬಂದಿತ್ತಾ, ಮಿತಿಯನ್ನು 1000ದಿಂದ ಲಕ್ಷಕ್ಕೆ ಏರಿಸಿದ್ದೀರಾ? ಹಾಗಾದರೆ ಮೊದಲು ಅದನ್ನು ವಾಪಸ್ ಇಳಿಸಿ. ಆ ಮಿತಿ ಇರುವುದೇ ಕೊನೆಯಿಲ್ಲದ ರಿಕರ್ಶನ್‌ನಿಂದ ಪ್ರೋಗ್ರಾಂ ಬೀಳದಿರಲಿ ಎಂದು.

ಎಲ್ಲಿ ನಿಲ್ಲಿಸಬೇಕು

ಒಂದೇ ಡೇಟಾ, ಒಂದೇ ಕೋಡ್, ಆದರೂ ಪ್ರತಿ ಸಲ ಬೇರೆ ಬೇರೆ ಕಡೆ ಬೀಳುತ್ತಿದೆ, ಬೇರೆ ಪ್ರೋಗ್ರಾಂಗಳೂ ಬೀಳುತ್ತಿವೆ ಅಂದರೆ ಪೈಥಾನ್ ಬಿಡಿ. ರ್‍ಯಾಮ್ ಪರೀಕ್ಷೆ ಮಾಡಿಸಿ, ಕಂಪ್ಯೂಟರ್ ರಿಪೇರಿಯವರಿಗೆ ತೋರಿಸಿ. ಕೂಲಿ ಲೆಕ್ಕದಲ್ಲಿ ತಪ್ಪು ಕಂಡಿದ್ದು ಕಾರಣ ಸಿಗದಿದ್ದರೆ ಅವತ್ತಿನ ಬಟವಾಡೆಯನ್ನು ಚೆಕ್‌ರೋಲ್ ಪುಸ್ತಕ ನೋಡಿ ಕೈಯಲ್ಲೇ ಮಾಡಿ. ಪ್ರೋಗ್ರಾಂ ಕಾಯಬಹುದು, ಆಳುಗಳು ಕಾಯಬಾರದು.

ಬೇರೆಯವರನ್ನು ಕೇಳುವಾಗ ಪೈಥಾನ್ ಆವೃತ್ತಿ, ಆಪರೇಟಿಂಗ್ ಸಿಸ್ಟಮ್, ಪೂರ್ತಿ ಟ್ರೇಸ್‌ಬ್ಯಾಕ್, ಮತ್ತು ತೊಂದರೆ ತೋರಿಸುವ ಅತಿ ಚಿಕ್ಕ ಪ್ರೋಗ್ರಾಂ ಕೊಡಿ. ತೆರೆಯ ಫೋಟೋ ಬೇಡ, ಅಕ್ಷರವಾಗಿ ಕಾಪಿ ಮಾಡಿ. ಆಳುಗಳ ಹೆಸರು, ಬ್ಯಾಂಕ್ ಖಾತೆ, ಆಧಾರ್ ನಂಬರ್ ಇರುವ ಅಸಲಿ ಫೈಲ್ ಯಾರಿಗೂ ಕಳಿಸಬೇಡಿ. ಅದೇ ಆಕಾರದ ಸುಳ್ಳು ಡೇಟಾ ಮಾಡಿ ಕೊಡಿ. ಸೆಗ್‌ಫಾಲ್ಟ್ ಆದರೆ ಸಿ ಪ್ಯಾಕೇಜ್‌ಗಳನ್ನು ಒಂದೊಂದೇ ತೆಗೆದು ನೋಡಿ. ಯಾವುದನ್ನು ತೆಗೆದಾಗ ನಿಂತಿತೋ ಆ ಪ್ಯಾಕೇಜ್‌ನವರಿಗೆ ಬರೆಯಿರಿ. ಒಂದೂ ಇಲ್ಲದೆಯೂ ಬೀಳುತ್ತಿದ್ದರೆ ಮಾತ್ರ ಗಿಟ್‌ಹಬ್‌ನಲ್ಲಿ ಸಿಪೈಥಾನ್‌ನವರಿಗೇ ಬರೆಯಿರಿ.